ಅಕ್ಷರಕ್ಕೆ ಅಕ್ಷರ, ಬೈಟಿಗೆ ಬೈಟು

ಬೆಳಗಾವಿಯ ಇತಿಹಾಸಕ್ಕೆ ಬಹು ಮುಖ್ಯವಾದ ಎರಡು ಕನ್ನಡ ಶಾಸನಗಳು ಇಂದು ಬೆಳಗಾವಿಯಲ್ಲಿ ಇಲ್ಲ. ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಕಾಲದ, ಕ್ರಿ.ಶ. ೧೨೦೪ರ ಈ ಶಾಸನಗಳು ಸೇರಿರುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು. ಆಗ ವೇಣುಗ್ರಾಮವೆಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ ಮಂತ್ರಿ ಬೀಚಣ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಬಿಟ್ಟ ದತ್ತಿಗಳ ವಿವರ ಅವುಗಳಲ್ಲಿದೆ. ಎಲ್.ಡಿ. ಬಾರ್ನೆಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ ಹದಿಮೂರನೆಯ ಸಂಪುಟದಲ್ಲಿ ಅವುಗಳ ಪಾಠವನ್ನು ಪ್ರಕಟಿಸಿದರು. ಬೆಳಗಾವಿಯಲ್ಲಿ ಕುಳಿತು ಬೆಳಗಾವಿಯ ಚರಿತ್ರೆಯನ್ನು ಬರೆಯುವವರಿಗೆ ಆಧಾರವಾಗಿರುವುದು ಮೂಲವಲ್ಲ, ಪ್ರತಿ.

ಹಾಗಾದರೆ ಪ್ರತಿಯನ್ನು ನಂಬುವುದು ಹೇಗೆ? ಪ್ರತಿ ಮಾಡಿದವರ ವಿದ್ವತ್ತಿನ ಮೇಲೆ ಭಾರ ಹಾಕಿ ಸುಮ್ಮನಿರಬೇಕೆ, ಅಥವಾ ಅದನ್ನು ನಾವೇ ಪರೀಕ್ಷಿಸಿ ನೋಡುವ ದಾರಿಯೊಂದು ಇದೆಯೆ? ಶಾಸನ ಶಾಸ್ತ್ರದಷ್ಟೇ ಹಳೆಯದಾದ ಈ ಪ್ರಶ್ನೆ ಇಂದು ಹೊಸ ರೂಪದಲ್ಲಿ ವಿಜ್ಞಾನಿಗಳ ಮುಂದೆ ನಿಂತಿದೆ. ಮಳೆ, ನದಿಯ ಹರಿವು, ರೋಗ, ಬೆಳೆ ಇವೆಲ್ಲವುಗಳ ಲೆಕ್ಕ ಈಗ ಕಂಪ್ಯೂಟರಿನ ಕಡತಗಳಲ್ಲಿದೆ. ಆ ಕಡತವನ್ನು ಒಬ್ಬರು ತಯಾರಿಸಿದಂತೆಯೇ ಇನ್ನೊಬ್ಬರು, ಇನ್ನೊಂದು ಊರಿನಲ್ಲಿ, ಹತ್ತು ವರ್ಷಗಳ ನಂತರ, ಒಂದಿಷ್ಟೂ ವ್ಯತ್ಯಾಸವಿಲ್ಲದೆ ಮತ್ತೆ ತಯಾರಿಸಬಲ್ಲರೆ? ಸುಲಭವೆಂದು ಕಾಣುವ ಈ ಕೆಲಸ ನಿಜಕ್ಕೂ ಸುಲಭವಲ್ಲ. ಅದೇಕೆ ಎಂಬುದನ್ನು ತಿಳಿಯಲು ಖಾನಾಪುರ ತಾಲೂಕಿನ ಹಲಸಿಯಿಂದ ಹೊರಡುವುದು ಒಳ್ಳೆಯದು.

ಹಲಸಿಯ ಪಟಗಳು

ಈಗ ಸಣ್ಣ ಊರಾಗಿರುವ ಹಲಸಿ ಒಂದು ಕಾಲಕ್ಕೆ ಪಲಾಶಿಕಾ ಎಂಬ ಹೆಸರಿನಿಂದ ಬನವಾಸಿಯ ಕದಂಬರ ಇನ್ನೊಂದು ರಾಜಧಾನಿಯಂತಿತ್ತು. ೧೮೬೦ರ ಸುಮಾರಿಗೆ ಊರ ಹೊರಗೆ ಬಾವಿಯೊಂದರ ಬಳಿಯ ಮಣ್ಣಿನ ದಿಬ್ಬದಲ್ಲಿ ಆದಿ ಕದಂಬರ ತಾಮ್ರಶಾಸನಗಳು ಸಿಕ್ಕವು. ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮ ಮುಂತಾದವರು ಕೊಟ್ಟ ದಾನಗಳ ಪಟಗಳಿವು. ಸಂಸ್ಕೃತದಲ್ಲಿರುವ ಈ ಶಾಸನಗಳನ್ನು ಜೆ.ಎಫ್. ಫ್ಲೀಟ್ ಅವರು ೧೮೭೭ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯ ಆರನೆಯ ಸಂಪುಟದಲ್ಲಿ ಪಡಿಯಚ್ಚುಗಳ ಸಹಿತ ಪ್ರಕಟಿಸಿದರು. ಮುಂದೆ ೧೮೮೩ರಲ್ಲಿ ಫ್ಲೀಟ್ ಭಾರತ ಸರಕಾರದ ಮೊದಲ ಶಾಸನ ತಜ್ಞರಾದರು.

ತಾಮ್ರಪಟವೆಂದರೆ ಬರೀ ಬರಹವಲ್ಲ. ಬರಹವನ್ನು ಕಾಪಾಡುವ ಉಪಾಯವೂ ಅದರಲ್ಲಿಯೇ ಇರುತ್ತದೆ. ಹಲವು ತಗಡುಗಳಿದ್ದರೆ ಅವಕ್ಕೆ ತೂತು ಕೊರೆದು, ಉಂಗುರ ಪೋಣಿಸಿ, ಉಂಗುರದ ತುದಿಗಳು ಕೂಡುವಲ್ಲಿ ರಾಜಮುದ್ರೆಯನ್ನು ಬೆಸೆಯುತ್ತಿದ್ದರು. ನಡುವೆ ಒಂದು ತಗಡನ್ನು ತೆಗೆಯಬೇಕೆಂದರೂ ಸೇರಿಸಬೇಕೆಂದರೂ ಉಂಗುರವನ್ನು ಕತ್ತರಿಸದೆ ಬೇರೆ ದಾರಿಯಿಲ್ಲ. ಪಟವು ತನ್ನ ಕೈಗೆ ಬಂದಾಗ ಉಂಗುರ ಕತ್ತರಿಸಿತ್ತೇ ಇಲ್ಲವೇ ಎಂಬುದನ್ನು ಫ್ಲೀಟ್ ತಮ್ಮ ಲೇಖನಗಳಲ್ಲಿ ತಪ್ಪದೆ ದಾಖಲಿಸುತ್ತಿದ್ದುದು ಇದೇ ಕಾರಣಕ್ಕೆ. ನಕಲಿ ದಾನಪತ್ರಗಳು ಸಾಕಷ್ಟು ಇದ್ದ ನಾಡಿನಲ್ಲಿ ಈ ಎಚ್ಚರ ಅಗತ್ಯವಾಗಿತ್ತು. ಅಂಥ ಕೂಟ ಶಾಸನಗಳ ದೊಡ್ಡ ಪಟ್ಟಿಯನ್ನೇ ಅವರು ಮುಂದೆ ೧೯೦೧ರಲ್ಲಿ ಪ್ರಕಟಿಸಿದರು.

ಒಂದು ಅಕ್ಷರ ಎಷ್ಟು ದೂರ ಕೊಂಡೊಯ್ಯಬಲ್ಲುದೆಂಬುದಕ್ಕೆ ಹಲಸಿಯ ಪಟವೊಂದೇ ಸಾಕ್ಷಿ. ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಭೂಮಿ ಕೊಟ್ಟ ಶಾಸನದಲ್ಲಿ ‘ಎಂಬತ್ತನೆಯ ವರ್ಷ’ ಎಂಬ ಮಾತಿದೆ. ಯಾವುದರಿಂದ ಎಣಿಸಿದ ಎಂಬತ್ತು? ಕದಂಬರದೇ ಶಕೆಯೇ, ಗುಪ್ತರ ಶಕೆಯೇ? ವಿದ್ವಾಂಸರು ಇದನ್ನು ಬಹುಕಾಲ ಚರ್ಚಿಸಿದ್ದಾರೆ. ಒಂದು ವೇಳೆ ಪ್ರತಿಕಾರನು ಕಣ್ತಪ್ಪಿ ‘ಎಂಟನೆಯ ವರ್ಷ’ ಎಂದು ಬರೆದಿದ್ದರೆ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ. ಒಂದು ರಾಜವಂಶದ ಕಾಲಗಣನೆ ಎಪ್ಪತ್ತೆರಡು ವರ್ಷ ಸರಿದುಹೋಗುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಸರಿದಿದೆಯೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

ಕೈಬರಹದ ಪ್ರತಿ, ಪಡಿಯಚ್ಚು

ಫ್ಲೀಟ್ ಅವರಿಗಿಂತ ಮೊದಲು ಈ ಭಾಗದ ಶಾಸನಗಳನ್ನು ಕಲೆಹಾಕಿದವರು ವಾಲ್ಟರ್ ಎಲಿಯಟ್. ೧೮೨೪ರ ಕಿತ್ತೂರಿನ ಬಂಡಾಯದಲ್ಲಿ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಅವರೂ ಒಬ್ಬರು. ಮುಂದೆ ಇದೇ ನಾಡಿನಲ್ಲಿ ಕೆಲಸ ಮಾಡುತ್ತ, ಪಂಡಿತರಿಂದ ಊರೂರಿನ ಶಾಸನಗಳನ್ನು ಕೈಯಿಂದ ಬರೆಸಿ ದೊಡ್ಡ ಸಂಗ್ರಹವೊಂದನ್ನು ಸಿದ್ಧಪಡಿಸಿದರು. ಅನಂತರ ಹಾಳಾದ ಎಷ್ಟೋ ಕಲ್ಲುಗಳ ನೆನಪು ಇಂಥ ಪ್ರತಿಗಳಲ್ಲಿ ಮಾತ್ರ ಉಳಿದಿದೆ. ಆದರೆ ಕೈಬರಹದ ಪ್ರತಿಗೆ ಒಂದು ಸ್ವಭಾವವಿದೆ. ಬರೆಯುವವನು ತಾನು ಕಂಡದ್ದನ್ನು ಬರೆಯುವುದಿಲ್ಲ, ಓದಿದ್ದನ್ನು ಬರೆಯುತ್ತಾನೆ. ಸವೆದ ಅಕ್ಷರವನ್ನು ಊಹೆಯಿಂದ ತುಂಬುತ್ತಾನೆ. ಹಳೆಯ ಕಾಗುಣಿತವನ್ನು ತನಗೆ ಗೊತ್ತಿರುವ ಕಾಗುಣಿತಕ್ಕೆ ತಿದ್ದುತ್ತಾನೆ. ಒಂದೇ ಕಲ್ಲಿನ ಮುಂದೆ ಇಬ್ಬರನ್ನು ಕೂಡಿಸಿದರೆ ಎರಡು ಪ್ರತಿಗಳು ಹುಟ್ಟುತ್ತವೆ.

ಪಡಿಯಚ್ಚಿನ ವಿಧಾನ ಇದನ್ನು ಬದಲಿಸಿತು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಗಡುಸು ಬ್ರಷ್ಷಿನಿಂದ ತಟ್ಟಿ ಅಕ್ಷರಗಳ ಕುಳಿಯೊಳಗೆ ಕಾಗದವನ್ನು ಇಳಿಸುತ್ತಾರೆ. ಮೇಲೆ ಮಸಿ ಸವರಿದಾಗ ಉಬ್ಬಿದ ಭಾಗ ಕಪ್ಪಾಗಿ, ಅಕ್ಷರಗಳು ಬಿಳಿಯಾಗಿ ಉಳಿಯುತ್ತವೆ. ಇಲ್ಲಿ ಕೆಲಸಗಾರನಿಗೆ ಭಾಷೆ ಬರಬೇಕೆಂದಿಲ್ಲ. ಬಾರದಿದ್ದರೆ ಇನ್ನೂ ಒಳ್ಳೆಯದು! ಇಬ್ಬರು ಬೇರೆ ಬೇರೆ ದಿನ ತೆಗೆದ ಅಚ್ಚುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು. ಓದಿನ ಬಗ್ಗೆ ಜಗಳವಿದ್ದರೆ ಅಚ್ಚನ್ನು ನೋಡಿ ತೀರ್ಮಾನಿಸಬಹುದು. ಪಂಡಿತನ ಮೇಲಿದ್ದ ನಂಬಿಕೆ ಇಲ್ಲಿ ವಿಧಾನದ ಮೇಲಿನ ನಂಬಿಕೆಯಾಗಿ ಬದಲಾಯಿತು. ನಮ್ಮ ವಿಷಯದ ತಿರುಳು ಇದೇ.

ಹಾಗೆಂದು ಹಳಬರಿಗೆ ಪ್ರತಿಯ ಪರೀಕ್ಷೆ ತಿಳಿದಿರಲಿಲ್ಲವೆಂದಲ್ಲ. ತಾಳೆಗರಿಯ ಲಿಪಿಕಾರರು ಮೂವತ್ತೆರಡು ಅಕ್ಷರಗಳಿಗೆ ಒಂದು ‘ಗ್ರಂಥ’ ಎಂದು ಎಣಿಸಿ, ಕೃತಿಯ ಕೊನೆಯಲ್ಲಿ ಒಟ್ಟು ಸಂಖ್ಯೆಯನ್ನು ಬರೆದಿಡುವ ಪದ್ಧತಿಯಿತ್ತು. ಲಿಪಿಕಾರನಿಗೆ ಕೂಲಿ ಕೊಡಲೂ ಅದೇ ಲೆಕ್ಕ, ಪ್ರತಿಯಲ್ಲಿ ಏನಾದರೂ ಬಿಟ್ಟುಹೋಗಿದೆಯೇ ಎಂದು ನೋಡಲೂ ಅದೇ ಲೆಕ್ಕ. ವೇದಪಾಠದಲ್ಲಿ ಜಟೆ, ಘನ ಮುಂತಾದ ಕ್ರಮಗಳಿವೆ. ಜಟೆಯಲ್ಲಿ ಎರಡು ಪದಗಳನ್ನು ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ತಿರುಗಿಸಿ ಹೇಳುತ್ತಾರೆ. ಒಂದು ಪದ ಜಾರಿದರೆ ಹೆಣಿಗೆ ತಪ್ಪಿ ಕೂಡಲೇ ಗೊತ್ತಾಗುತ್ತದೆ. ಅರ್ಥದ ಗೊಡವೆಗೆ ಹೋಗದೆ ಪ್ರತಿಯನ್ನು ಪರೀಕ್ಷಿಸುವ ಜಾಣ್ಮೆ ಎರಡರಲ್ಲಿಯೂ ಇದೆ.

ಕಂಪ್ಯೂಟರಿನ ಅಕ್ಷರ

ಈಗ ಕಂಪ್ಯೂಟರಿಗೆ ಬರೋಣ. ಅದಕ್ಕೆ ಅಕ್ಷರವೂ ಗೊತ್ತಿಲ್ಲ, ಚಿತ್ರವೂ ಗೊತ್ತಿಲ್ಲ. ಎಲ್ಲವೂ ಅಂಕಿಗಳ ಸಾಲು. ಸೊನ್ನೆಯಿಂದ ೨೫೫ರವರೆಗಿನ ಒಂದು ಅಂಕಿಯನ್ನು ಹಿಡಿಸುವಷ್ಟು ಜಾಗಕ್ಕೆ ‘ಬೈಟ್’ ಎಂದು ಹೆಸರು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಸಾಮಾನ್ಯವಾಗಿ ಒಂದು ಬೈಟ್ ಸಾಕು. ಇಂದು ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯ ಯುಟಿಎಫ್-೮ ರೂಪದಲ್ಲಿ ಕನ್ನಡದ ಒಂದೊಂದು ಮೂಲ ಚಿಹ್ನೆಗೆ ಮೂರು ಬೈಟ್ ಬೇಕು. ‘ಬೆಳಗಾವಿ’ ಎಂಬುದರಲ್ಲಿ ಅಕ್ಷರ, ಗುಣಿತದ ಚಿಹ್ನೆಗಳೆಲ್ಲ ಸೇರಿ ಏಳು ಚಿಹ್ನೆಗಳಿವೆ, ಅಂದರೆ ೨೧ ಬೈಟ್. ‘ಖಾನಾಪುರ’ವೂ ಅಷ್ಟೆ.

ಆದರೆ ಅದೇ ತಾಲೂಕಿನ ರೈಲ್ವೆ ಜಂಕ್ಷನ್ನಾದ ‘ಲೋಂಡಾ’ ಎಷ್ಟು ಬೈಟ್? ಉತ್ತರ ಒಂದಲ್ಲ, ಎರಡು. ‘ಲೋ’ದಲ್ಲಿರುವ ಓಕಾರದ ಗುಣಿತವನ್ನು ಒಂದೇ ಚಿಹ್ನೆಯಾಗಿ ದಾಖಲಿಸಬಹುದು, ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರಾಗಿಯೂ ದಾಖಲಿಸಬಹುದು. ಮೊದಲನೆಯದರಲ್ಲಿ ಲೋಂಡಾ ೧೫ ಬೈಟ್, ಎರಡನೆಯದರಲ್ಲಿ ೨೧ ಬೈಟ್. ಪರದೆಯ ಮೇಲೆ ಎರಡೂ ಒಂದೇ. ಕಣ್ಣಿಗೆ ಭೇದ ಕಾಣದು. ಆದರೆ ಬೈಟುಗಳನ್ನು ಇದ್ದ ಹಾಗೆ ಹೋಲಿಸುವ ಕಂಪ್ಯೂಟರಿಗೆ ಅವು ಎರಡು ಬೇರೆ ಊರುಗಳು. ಲೋಂಡಾದ ಮಳೆಯನ್ನು ಹುಡುಕಿದರೆ ಅರ್ಧ ವರ್ಷಗಳದ್ದು ಸಿಕ್ಕಿ ಇನ್ನರ್ಧ ಸಿಗದೇ ಹೋಗಬಹುದು.

ಎರಡು ಕಡತಗಳು ಬೈಟಿಗೆ ಬೈಟು ಒಂದೇ ಎಂದು ತಿಳಿಯುವುದು ಹೇಗೆ? ಇಡೀ ಕಡತವನ್ನು ಹೋಲಿಸಬಹುದು. ಅದಕ್ಕಿಂತ ಸುಲಭವಾದದ್ದು ‘ಹ್ಯಾಶ್’ ಎಂಬ ಉಪಾಯ. ಕಡತ ಎಷ್ಟೇ ದೊಡ್ಡದಿರಲಿ, ಅದರ ಎಲ್ಲ ಬೈಟುಗಳನ್ನು ಒಂದು ಗೊತ್ತಾದ ಗಣಿತಕ್ರಮದಲ್ಲಿ ಕಲಸಿ ಒಂದು ಗಿಡ್ಡ ಸಂಖ್ಯೆಯನ್ನು ತೆಗೆಯುತ್ತಾರೆ. ೨೦೦೧ರಲ್ಲಿ ಮೊದಲು ಪ್ರಕಟವಾದ ಶಾ-೨೫೬ ಎಂಬ ಕ್ರಮದಲ್ಲಿ ಈ ಸಂಖ್ಯೆಯನ್ನು ೬೪ ಅಕ್ಷರಗಳಲ್ಲಿ ಬರೆಯುತ್ತಾರೆ. ಕಡತದ ಮೂಲೆಯಲ್ಲೆಲ್ಲೋ ಒಂದು ಚುಕ್ಕೆ ಬದಲಾದರೂ ಆ ೬೪ ಅಕ್ಷರಗಳು ಗುರುತೇ ಸಿಗದಂತೆ ಬದಲಾಗುತ್ತವೆ. ತಾಮ್ರಪಟದ ಉಂಗುರಕ್ಕೆ ಬೆಸೆದ ಮುದ್ರೆಯ ಕೆಲಸವನ್ನೇ ಇದು ಮಾಡುತ್ತದೆ. ಮುದ್ರೆಯನ್ನು ಖೋಟಾ ಮಾಡುವವರು ಇಲ್ಲಿಯೂ ಇದ್ದಾರೆ. ಬಹಳ ಪ್ರಚಾರದಲ್ಲಿದ್ದ ಎಂಡಿ-೫ ಎಂಬ ಹಳೆಯ ಕ್ರಮದಲ್ಲಿ ಒಂದೇ ಮುದ್ರೆ ಬರುವ ಎರಡು ಬೇರೆ ಕಡತಗಳನ್ನು ೨೦೦೪ರಲ್ಲಿ ಚೀನಾದ ಗಣಿತಜ್ಞರು ಮಾಡಿ ತೋರಿಸಿದ ಮೇಲೆ ಅದರ ಮೇಲಿನ ಭರವಸೆ ಹೋಯಿತು.

ನಕಲು ಬೇರೆ, ಮರುನಿರ್ಮಾಣ ಬೇರೆ

ಹೀಗೆ ನಕಲು ಮಾಡುವ ಸಮಸ್ಯೆ ಬಹುಮಟ್ಟಿಗೆ ಬಗೆಹರಿದಿದೆ. ಬೆಳಗಾವಿಯಿಂದ ಪುಣೆಗೆ ಕಳಿಸಿದ ಕಡತ ಹಾದಿಯಲ್ಲಿ ಕೆಡಲಿಲ್ಲವೆಂದು ಮುದ್ರೆ ನೋಡಿ ಹೇಳಬಹುದು. ಆದರೆ ವಿಜ್ಞಾನಕ್ಕೆ ಬೇಕಾದದ್ದು ಇದಿಷ್ಟೇ ಅಲ್ಲ. ಮೂಲ ದಾಖಲೆಗಳಿಂದ ಆ ಕಡತ ಹುಟ್ಟಿದ್ದು ಹೇಗೆ ಎಂಬುದನ್ನು ಬೇರೆಯವರು ಮೊದಲಿನಿಂದ ಮಾಡಿ ನೋಡಲು ಬರಬೇಕು. ಹಾಗೆ ಮಾಡಿದಾಗ ಅದೇ ಮುದ್ರೆ ಬರಬೇಕು. ಪಡಿಯಚ್ಚನ್ನು ಇನ್ನೊಬ್ಬರು ತೆಗೆದರೂ ಅದೇ ಅಚ್ಚು ಬಂದಂತೆ.

ಮಳೆಯ ಲೆಕ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಖಾನಾಪುರ ಇದಕ್ಕೆ ಹೇಳಿ ಮಾಡಿಸಿದ ತಾಲೂಕು. ಅದರ ಪಶ್ಚಿಮದ ಅಂಚು ಸಹ್ಯಾದ್ರಿಯ ನೆತ್ತಿ. ಅಲ್ಲಿನ ಕಣಕುಂಬಿಯಲ್ಲಿ ವರ್ಷದ ಮಳೆ ಸಾವಿರಗಟ್ಟಲೆ ಮಿಲಿಮೀಟರು. ಅದೇ ಜಿಲ್ಲೆಯ ಪೂರ್ವದ ಅಥಣಿಯ ಕಡೆ ಕೆಲವೇ ನೂರು. ಭಾರತದಲ್ಲಿ ಮಳೆಮಾಪಕವನ್ನು ದಿನಾಲು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ. ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆ ಆ ದಿನದ ಲೆಕ್ಕಕ್ಕೆ ಸೇರುತ್ತದೆ. ಹೀಗೆ ಕೂಡಿದ ದಾಖಲೆಗಳಿಂದಲೇ ದೊಡ್ಡ ಕಡತಗಳು ಸಿದ್ಧವಾಗುತ್ತವೆ. ೧೮೭೫ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆಯ ವಿಜ್ಞಾನಿಗಳು ೬೯೫೫ ಮಳೆಮಾಪಕಗಳ ದಾಖಲೆಗಳಿಂದ, ೧೯೦೧ರಿಂದ ಮೊದಲ್ಗೊಂಡು ಇಡೀ ದೇಶಕ್ಕೆ ಕಾಲು ಡಿಗ್ರಿಯ ಚೌಕಗಳಲ್ಲಿ ದಿನದಿನದ ಮಳೆಯ ಲೆಕ್ಕ ಸಿದ್ಧಪಡಿಸಿ ೨೦೧೪ರಲ್ಲಿ ಅದನ್ನು ವಿವರಿಸಿದರು.

ಈಗ ಒಂದು ತಾಲೂಕಿನ ಹಳೆಯ ಮಳೆ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಬೇಕಾಗಿದೆ ಎಂದು ಭಾವಿಸೋಣ. ಇಬ್ಬರು ಪ್ರಾಮಾಣಿಕರು, ಒಂದೇ ರಿಜಿಸ್ಟರು. ಎರಡು ಕಡತಗಳು ಬೇರೆಯಾಗಲು ಎಷ್ಟು ದಾರಿಗಳಿವೆ ನೋಡಿ.

ಮೊದಲನೆಯದು ಅಳತೆ. ಹಳೆಯ ರಿಜಿಸ್ಟರುಗಳಲ್ಲಿ ಮಳೆ ಇಂಚು, ಸೆಂಟ್ಸ್ ಲೆಕ್ಕದಲ್ಲಿರುತ್ತದೆ. ೩ ಇಂಚು ೪೭ ಸೆಂಟ್ಸ್ ಎಂದರೆ ೮೮.೧೩೮ ಮಿಲಿಮೀಟರು. ಒಬ್ಬರು ೮೮.೧ ಎಂದು ಬರೆಯುತ್ತಾರೆ, ಇನ್ನೊಬ್ಬರು ೮೮.೧೪ ಎಂದು. ಇಬ್ಬರದೂ ಸರಿಯೇ. ಅಳೆಯದೆ ಬಿಟ್ಟ ದಿನದ ಮುಂದೆ ಒಬ್ಬರು ಖಾಲಿ ಜಾಗ ಬಿಡುತ್ತಾರೆ, ಇನ್ನೊಬ್ಬರು ಸೊನ್ನೆ ಹಾಕುತ್ತಾರೆ. ಇದು ಮಾತ್ರ ಸಣ್ಣ ವ್ಯತ್ಯಾಸವಲ್ಲ. ‘ಮಳೆ ಬಂದಿಲ್ಲ’ ಎನ್ನುವುದಕ್ಕೂ ‘ಗೊತ್ತಿಲ್ಲ’ ಎನ್ನುವುದಕ್ಕೂ ಅಜಗಜಾಂತರ.

ಎರಡನೆಯದು ಸಾಲಿನ ಕೊನೆ. ಟೈಪ್‌ರೈಟರಿನಲ್ಲಿ ಒಂದು ಸಾಲು ಮುಗಿದರೆ ಎರಡು ಕೆಲಸಗಳು: ಗಾಡಿಯನ್ನು ಸಾಲಿನ ಆರಂಭಕ್ಕೆ ತರುವುದು, ಕಾಗದವನ್ನು ಮೇಲಕ್ಕೆ ಸರಿಸುವುದು. ವಿಂಡೋಸ್ ಪದ್ಧತಿಯ ಕಂಪ್ಯೂಟರುಗಳು ಇಂದಿಗೂ ಸಾಲಿನ ಕೊನೆಗೆ ಈ ಎರಡಕ್ಕೂ ಒಂದೊಂದು ಬೈಟ್ ಹಾಕುತ್ತವೆ. ಯುನಿಕ್ಸ್ ವಂಶದವು ಒಂದನ್ನೇ ಹಾಕುತ್ತವೆ. ದಿನಕ್ಕೊಂದು ಸಾಲಿನಂತೆ ವರ್ಷದ ಮಳೆ ಬರೆದರೆ, ಒಂದು ಅಂಕಿಯೂ ಬದಲಾಗದೆ ಕಡತಗಳ ನಡುವೆ ೩೬೫ ಬೈಟುಗಳ ಅಂತರ!

ಮೂರನೆಯದು ಅನುಕ್ರಮ. ೨೦೧೪ರ ನವೆಂಬರ್ ೧ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಬೆಲ್ಗಾಮ್ ಎಂದಿದ್ದದ್ದು ಬೆಳಗಾವಿಯಾಯಿತು. ಇಂಗ್ಲಿಷ್ ಅಕಾರಾದಿಯಲ್ಲಿ ಮೊದಲು ಬ್ಯಾಂಗಲೋರ್, ಆಮೇಲೆ ಬೆಲ್ಗಾಮ್, ಆಮೇಲೆ ಬೆಲ್ಲಾರಿ ಎಂದಿದ್ದ ಸಾಲು ಹೊಸ ಹೆಸರುಗಳಿಂದ ಬಳ್ಳಾರಿ, ಬೆಳಗಾವಿ, ಬೆಂಗಳೂರು ಎಂದಾಗುತ್ತದೆ. ಮೊದಲಿನದು ಕೊನೆಗೆ, ಕೊನೆಯದು ಮೊದಲಿಗೆ! ಹೆಸರಿನ ಅನುಕ್ರಮವನ್ನು ನಂಬಿದ ಕಡತ ಇಂಥಲ್ಲಿ ತಲೆಕೆಳಗಾಗುತ್ತದೆ. ಹೆಸರು ಬದಲಾಗದಿದ್ದರೂ, ಒಂದು ಕಪಾಟಿನಂಥ ಕೋಶದಲ್ಲಿರುವ ಕಡತಗಳನ್ನು ಒಂದು ಯಂತ್ರ ಒಂದು ಕ್ರಮದಲ್ಲಿ ಎತ್ತಿಕೊಂಡರೆ ಇನ್ನೊಂದು ಯಂತ್ರ ಬೇರೆ ಕ್ರಮದಲ್ಲಿ ಎತ್ತಿಕೊಳ್ಳುತ್ತದೆ.

ನಾಲ್ಕನೆಯದು ಕೂಡಿಸುವ ಲೆಕ್ಕ. ಕಂಪ್ಯೂಟರು ಕೂಡಿಸುವುದರಲ್ಲಿ ತಪ್ಪದು ಎಂಬ ನಂಬಿಕೆ ನಮಗೆಲ್ಲ ಇದೆ. ಆದರೆ ೦.೧, ೦.೨, ೦.೩ ಈ ಮೂರನ್ನು ಎಡದಿಂದ ಕೂಡಿಸುತ್ತ ಹೋದರೆ ಬಹುತೇಕ ಕಂಪ್ಯೂಟರುಗಳಲ್ಲಿ ಬರುವ ಮೊತ್ತ ೦.೬ ಅಲ್ಲ, ಅದರ ಹದಿನಾರನೆಯ ದಶಮಾಂಶ ಸ್ಥಾನದಲ್ಲಿ ಒಂದು ಹೆಚ್ಚಾಗಿರುತ್ತದೆ. ಬಲದ ಎರಡನ್ನು ಮೊದಲು ಕೂಡಿಸಿ ಆಮೇಲೆ ಎಡದ್ದನ್ನು ಸೇರಿಸಿದರೆ ೦.೬ ಬರುತ್ತದೆ. ಕಾರಣ ಸರಳ. ಮೂರರಲ್ಲಿ ಒಂದು ಭಾಗವನ್ನು ನಾವು ದಶಮಾಂಶದಲ್ಲಿ ೦.೩೩೩ ಎಂದು ಮುಗಿಯದಂತೆ ಬರೆಯುವ ಹಾಗೆ, ಎರಡೇ ಅಂಕಿಗಳಲ್ಲಿ ಲೆಕ್ಕ ಮಾಡುವ ಯಂತ್ರಕ್ಕೆ ಹತ್ತರಲ್ಲಿ ಒಂದು ಭಾಗವೂ ಮುಗಿಯದ ಸಂಖ್ಯೆ. ಎಲ್ಲೋ ಒಂದು ಕಡೆ ಅದು ಕತ್ತರಿಸಲೇಬೇಕು. ದೊಡ್ಡ ಲೆಕ್ಕವನ್ನು ಹಲವು ಯಂತ್ರಗಳಿಗೆ ಹಂಚಿ, ಮೊದಲು ಮುಗಿಸಿದವರದನ್ನು ಮೊದಲು ಕೂಡಿಸಿದರೆ ಪ್ರತಿ ಸಲವೂ ಮೊತ್ತದ ಬಾಲ ಬೇರೆಯಾಗುತ್ತದೆ. ಭಾರತದಲ್ಲಿ ೨.೫ ಮಿಲಿಮೀಟರು ಅಥವಾ ಹೆಚ್ಚು ಮಳೆ ಬಿದ್ದರೆ ಮಾತ್ರ ಅದು ‘ಮಳೆಯ ದಿನ’. ಲೆಕ್ಕದಿಂದ ಬಂದ ಸರಾಸರಿಯೊಂದು ಸರಿಯಾಗಿ ಈ ಗೆರೆಯ ಮೇಲೆಯೇ ನಿಂತಿದ್ದರೆ, ಕಣ್ಣಿಗೆ ಕಾಣದ ಆ ಬಾಲವೇ ಒಂದು ದಿನವನ್ನು ಪಟ್ಟಿಗೆ ಸೇರಿಸೀತು, ಇಲ್ಲವೇ ಬಿಟ್ಟೀತು.

ಐದನೆಯದು ಕಾಲದ ಮುದ್ರೆ. ತಾನು ಯಾವಾಗ ಹುಟ್ಟಿದೆ ಎಂಬುದನ್ನು ಅನೇಕ ಕಡತಗಳು ಹೊಟ್ಟೆಯಲ್ಲಿಯೇ ಇಟ್ಟುಕೊಳ್ಳುತ್ತವೆ. ಕಡತವನ್ನು ಸಂಕುಚಿಸಲು ಬಳಸುವ ಜಿಜಿಪ್ ಕ್ರಮದಲ್ಲಿ ಆರಂಭದ ಭಾಗದೊಳಗಿನ ನಾಲ್ಕು ಬೈಟುಗಳು ಇದಕ್ಕೇ ಮೀಸಲು. ಹವಾಮಾನ ವಿಜ್ಞಾನಿಗಳು ಬಳಸುವ ನೆಟ್‌ಸಿಡಿಎಫ್ ಕಡತಗಳಲ್ಲಿ ‘ಚರಿತ್ರೆ’ ಎಂಬ ಒಂದು ಅಂಕಣವಿದ್ದು, ಕಡತವನ್ನು ಮುಟ್ಟಿದ ಅನೇಕ ಉಪಕರಣಗಳು ಅಲ್ಲಿ ತಮ್ಮ ಆಜ್ಞೆಯನ್ನೂ ಆ ಹೊತ್ತಿನ ಗಡಿಯಾರವನ್ನೂ ಬರೆದು ಹೋಗುತ್ತವೆ. ಅದೇ ಯಂತ್ರ, ಅದೇ ಮನುಷ್ಯ, ಅದೇ ಅಂಕಿ. ಐದು ನಿಮಿಷ ಬಿಟ್ಟು ಮತ್ತೆ ಮಾಡಿದರೆ ಮುದ್ರೆ ಬೇರೆ.

ಪರಿಹಾರ: ಎಲ್ಲವನ್ನೂ ಹೇಳಿಬಿಡುವುದು

ಇವಕ್ಕೆಲ್ಲ ಪರಿಹಾರ ಇದೆ, ಅದರಲ್ಲಿ ಮಾಟಮಂತ್ರವೇನಿಲ್ಲ. ಅಂಕಿಗೆ ಸಂಬಂಧಪಡದ, ಆದರೆ ಕಡತದೊಳಗೆ ನುಸುಳುವ ಪ್ರತಿಯೊಂದು ಸಂಗತಿಯನ್ನೂ ಮೊದಲೇ ಗೊತ್ತುಪಡಿಸಿ ಬರೆದಿಡುವುದು. ಕನ್ನಡ ಹೆಸರುಗಳನ್ನು ಯೂನಿಕೋಡಿನ ಯಾವುದಾದರೂ ಒಂದೇ ಪ್ರಮಾಣ ರೂಪಕ್ಕೆ ತರುವುದು. ಆಗ ಲೋಂಡಾದ ಬೈಟುಗಳ ಸಂಖ್ಯೆ ಯಾವಾಗಲೂ ಒಂದೇ. ಊರಿಗೆ ಹೆಸರಿನ ಜೊತೆ ಬದಲಾಗದ ಒಂದು ಸಂಖ್ಯೆಯನ್ನು ಕೊಟ್ಟು, ಅನುಕ್ರಮವನ್ನು ಆ ಸಂಖ್ಯೆಯ ಮೇಲೆ ಇಡುವುದು. ಸಾಲಿನ ಕೊನೆಗೆ ಯಾವ ಗುರುತು, ಖಾಲಿ ದಿನಕ್ಕೆ ಯಾವ ಗುರುತು, ದಶಮಾಂಶ ಎಷ್ಟು ಸ್ಥಾನ ಎಂಬುದನ್ನು ನಿಯಮವಾಗಿ ಬರೆಯುವುದು. ಮಳೆಯನ್ನು ೦.೧ ಮಿಲಿಮೀಟರಿನ ಎಣಿಕೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಂಡರೆ, ೧, ೨, ೩ ಕೂಡಿಸಿದಾಗ ಯಾವ ಕಡೆಯಿಂದ ಕೂಡಿಸಿದರೂ ಆರೇ ಬರುತ್ತದೆ.

ಗಡಿಯಾರದ ವಿಷಯದಲ್ಲಿ ಕಡತ ತಯಾರಾದ ಹೊತ್ತಿನ ಬದಲು, ಅದಕ್ಕೆ ಆಧಾರವಾದ ದಾಖಲೆಯ ಕೊನೆಯ ದಿನಾಂಕವನ್ನು ಬರೆಯುವುದು ಒಳ್ಳೆಯ ಪದ್ಧತಿ. ಇಷ್ಟಾದ ಮೇಲೆ, ಲೆಕ್ಕ ಮಾಡಿದ ಪ್ರೋಗ್ರಾಮನ್ನೂ ಅದು ಅವಲಂಬಿಸಿದ ಇತರ ಪ್ರೋಗ್ರಾಮುಗಳ ಆವೃತ್ತಿಯನ್ನೂ ಕಡತದ ಜೊತೆಗೇ ಇಡಬೇಕು. ತಂತ್ರಾಂಶ ಲೋಕದಲ್ಲಿ ಇದಕ್ಕೆ ಒಂದು ಚಳವಳಿಯೇ ನಡೆದಿದೆ. ಜಗತ್ತಿನಾದ್ಯಂತ ಸ್ವಯಂಸೇವಕರು ನಡೆಸುವ ಡೆಬಿಯನ್ ಎಂಬ ಮುಕ್ತ ಕಾರ್ಯವ್ಯವಸ್ಥೆಯ ಬಳಗ ೨೦೧೩ರಿಂದ, ತಾನು ಹಂಚುವ ಸಾವಿರಾರು ಪ್ರೋಗ್ರಾಮುಗಳನ್ನು ಯಾರು ಬೇಕಾದರೂ ಮೂಲದಿಂದ ಕಟ್ಟಿ, ಬೈಟಿಗೆ ಬೈಟು ಅದೇ ಬರುವಂತೆ ಮಾಡಲು ಶ್ರಮಿಸುತ್ತಿದೆ. ಅವರನ್ನು ಹೆಚ್ಚು ಕಾಡಿದ ಶತ್ರುಗಳಲ್ಲಿ ಗಡಿಯಾರ ಮತ್ತು ಅನುಕ್ರಮ ಎರಡೂ ಇವೆ.

ಇಷ್ಟೆಲ್ಲ ಏಕೆ? ಅಂಕಿಗಳು ಒಂದೇ ಇದ್ದರೆ ಸಾಲದೆ? ಗಡಿಯಾರದ ನಾಲ್ಕು ಬ��ಟುಗಳಿಗಾಗಿ ಇಷ್ಟು ಹಟವೇಕೆ? ಈ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಉತ್ತರವೂ ಇದೆ. ಎರಡು ಕಡತಗಳು ಭಿನ್ನವಾಗಿದ್ದಾಗ, ಆ ಭಿನ್ನತೆ ನಿರುಪದ್ರವಿ ಎಂದು ಯಾರೋ ಒಬ್ಬ ತಜ್ಞ ಹೇಳಬೇಕು. ಮತ್ತೆ ನಂಬಿಕೆ ವ್ಯಕ್ತಿಯ ಮೇಲೆ ಬಿತ್ತು. ಸಾವಿರ ನಿರುಪದ್ರವಿ ವ್ಯತ್ಯಾಸಗಳ ನಡುವೆ ಉಪದ್ರವದ ಒಂದು ವ್ಯತ್ಯಾಸ ಸೇರಿಕೊಂಡರೆ ಅದು ಜಾತ್ರೆಯಲ್ಲಿ ಸೇರಿದ ಕಳ್ಳನಿದ್ದಂತೆ. ಎಲ್ಲವೂ ಒಂದೇ ಆಗಿರಲೇಬೇಕು ಎಂಬ ನಿಯಮವಿದ್ದಲ್ಲಿ ಮಾತ್ರ ಒಂದು ಬೈಟಿನ ವ್ಯತ್ಯಾಸವೂ ಎದ್ದು ಕಾಣುತ್ತದೆ. ೬೪ ಅಕ್ಷರಗಳ ಎರಡು ಮುದ್ರೆಗಳು ಒಂದೇ ಎಂದು ಹೇಳಲು ತಜ್ಞ ಬೇಕಿಲ್ಲ; ಖಾನಾಪುರದ ಶಾಲೆಯ ಹುಡುಗಿಯೂ ಹೇಳಬಲ್ಲಳು.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಬೈಟಿಗೆ ಬೈಟು ಒಂದೇ ಎಂದ ಮಾತ್ರಕ್ಕೆ ಕಡತ ಸತ್ಯವಾಗುವುದಿಲ್ಲ. ಮಳೆಮಾಪಕವನ್ನು ಮರದ ಕೆಳಗೆ ಇಟ್ಟಿದ್ದರೆ, ಅಳೆಯದೆಯೇ ಅಂಕಿ ತುಂಬಿದ್ದರೆ, ಆ ತಪ್ಪೂ ಅಷ್ಟೇ ನಿಷ್ಠೆಯಿಂದ ಮತ್ತೆ ಮತ್ತೆ ಹುಟ್ಟುತ್ತದೆ. ಕೂಟ ಶಾಸನದ ಪಡಿಯಚ್ಚೂ ಕೂಟವೇ. ಆದರೆ ಪಡಿಯಚ್ಚು ಸ್ವಚ್ಛವಾಗಿದ್ದರಿಂದಲೇ ಶಾಸನ ಕೂಟವೆಂದು ತೋರಿಸಲು ಸಾಧ್ಯವಾಗುತ್ತದೆ ಎಂಬುದನ್ನು ಮರೆಯಬಾರದು. ಪ್ರತಿಯ ಮೇಲಿನ ಅನುಮಾನ ತೀರಿದ ಮೇಲೆಯೇ ಮೂಲದ ಮೇಲಿನ ಅನುಮಾನಕ್ಕೆ ಅರ್ಥ ಬರುವುದು.

ನೀರಿನ ಲೆಕ್ಕ, ನ್ಯಾಯದ ಲೆಕ್ಕ

ಇದು ಪ್ರಯೋಗಶಾಲೆಯ ಮಡಿವಂತಿಕೆಯಲ್ಲ ಎಂಬುದನ್ನು ಬೆಳಗಾವಿ ಜಿಲ್ಲೆಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಪಶ್ಚಿಮಕ್ಕೆ ಹರಿದು ಗೋವೆಗೆ ಇಳಿಯುವ ಮಹದಾಯಿಯ ಮೂಲವೂ ಇದೇ ತಾಲೂಕಿನ ಕಾಡುಗಳಲ್ಲಿ. ಈ ನೀರನ್ನು ಕುರಿತ ಕರ್ನಾಟಕ, ಗೋವಾ, ಮಹಾರಾಷ್ಟ್ರಗಳ ವಿವಾದಕ್ಕಾಗಿ ೨೦೧೦ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. ೨೦೧೮ರ ಆಗಸ್ಟ್ ೧೪ರಂದು ಅದು ತೀರ್ಪು ಕೊಟ್ಟಿತು. ನೂರು ಕೋಟಿ ಘನ ಅಡಿಗೆ ಒಂದು ಟಿಎಂಸಿ. ಮಹದಾಯಿಯಲ್ಲಿ ಶೇಕಡಾ ೭೫ರ ಭರವಸೆಯಲ್ಲಿ ದೊರೆಯುವ ನೀರು ೧೮೮.೦೬ ಟಿಎಂಸಿ ಎಂದು ಮಂಡಳಿ ಎಣಿಸಿತು, ಕರ್ನಾಟಕಕ್ಕೆ ೧೩.೪೨ ಟಿಎಂಸಿ ಹಂಚಿತು. ತೀರ್ಪಿನ ಬಳಿಕ ರಾಜ್ಯಗಳು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿದವು.

ಶೇಕಡಾ ೭೫ರ ಭರವಸೆ ಎಂದರೆ ನೂರು ವರ್ಷಗಳಲ್ಲಿ ಎಪ್ಪತ್ತೈದು ವರ್ಷ ಇಷ್ಟಾದರೂ ನೀರು ಇದ್ದೇ ಇರುತ್ತದೆ ಎಂಬ ಅಂದಾಜು. ವರ್ಷ ವರ್ಷದ ನೀರನ್ನು ಹೆಚ್ಚಿನಿಂದ ಕಡಿಮೆಗೆ ಜೋಡಿಸಿ, ಮುಕ್ಕಾಲು ದಾರಿಯಲ್ಲಿರುವ ಅಂಕಿಯನ್ನು ಎತ್ತಿಕೊಳ್ಳುತ್ತಾರೆ. ಈ ಬಗೆಯ ಯಾವುದೇ ಅಂದಾಜಿನ ಹಿಂದೆ ಮಳೆಮಾಪಕಗಳ, ಹರಿವಿನ ಅಳತೆಗಳ ದೊಡ್ಡ ರಾಶಿ ಇರುತ್ತದೆ. ಯಾವ ವರ್ಷಗಳನ್ನು ತೆಗೆದುಕೊಂಡರು, ಖಾಲಿ ದಿನಗಳನ್ನು ಹೇಗೆ ತುಂಬಿದರು, ಯಾವ ಕೇಂದ್ರವನ್ನು ಬಿಟ್ಟರು ಎಂಬುದರ ಮೇಲೆ ಮೊತ್ತ ನಿಲ್ಲುತ್ತದೆ. ಇವುಗಳ ಬಗ್ಗೆ ಅಭಿಪ್ರಾಯಭೇದ ಸಹಜ, ಅದು ಇರಲಿ. ಆದರೆ ವಾದಿ ಪ್ರತಿವಾದಿಗಳಿಬ್ಬರೂ ಒಂದೇ ಮೂಲದಿಂದ ಹೊರಟು, ಒಂದೇ ಕ್ರಮ ಅನುಸರಿಸಿದರೆ ಒಂದೇ ಕಡತಕ್ಕೆ ಬಂದು ಮುಟ್ಟುವಂತಿದ್ದರೆ, ಜಗಳವು ಅಂಕಿಯನ್ನು ಬಿಟ್ಟು ನಿಜವಾದ ಪ್ರಶ್ನೆಗೆ ಬರುತ್ತದೆ: ಯಾವ ಕ್ರಮ ಸರಿ, ಯಾವುದು ನ್ಯಾಯ?

ಕಾನೂನು ಕೂಡ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮಿನ ಪ್ರಕಾರ ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಕೊಡಬೇಕಾದ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಮುದ್ರೆಯನ್ನೂ ಬರೆಯಬೇಕು. ಆದರೆ ಇದು ಹಾಜರುಪಡಿಸಿದ ಕಡತ ಬದಲಾಗಿಲ್ಲ ಎಂಬುದಕ್ಕೆ ಮಾತ್ರ ಖಾತರಿ. ಆ ಕಡತ ಹುಟ್ಟಿದ ಬಗೆಯನ್ನು ಮತ್ತೊಮ್ಮೆ ಮಾಡಿ ನೋಡಬಹುದೇ ಎಂಬುದಕ್ಕೆ ಖಾತರಿ ಅದನ್ನು ತಯಾರಿಸಿದವರ ಶಿಸ್ತಿನಿಂದ ಬರಬೇಕು. ತಾಲೂಕು ಕಚೇರಿಗಳಲ್ಲಿ, ಕಾಲೇಜುಗಳಲ್ಲಿ, ಸಂಶೋಧನಾ ಕೇಂದ್ರಗಳಲ್ಲಿ ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಇನ್ನೂ ಬಹಳ ಉಳಿದಿದೆ. ಈಗಲೇ ಆ ಶಿಸ್ತನ್ನು ರೂಢಿಸಿಕೊಂಡರೆ ಖರ್ಚು ಕಡಿಮೆ. ಕಾಗದ ಹುಳು ಹಿಡಿದು ಹೋದ ಮೇಲೆ ಎಷ್ಟು ಖರ್ಚು ಮಾಡಿದರೂ ಆಗದು.

ಬೆಳಗಾವಿಯ ಆ ಎರಡು ಕಲ್ಲುಗಳು ಲಂಡನ್ನಿನಲ್ಲಿದ್ದರೂ ಓದು ನಮ್ಮ ಬಳಿ ಇದೆ. ಆ ಓದಿನಲ್ಲಿ ಅನುಮಾನ ಬಂದವರು ಕಲ್ಲಿನ ಬಳಿಗೇ ಹೋಗಿ ಒರೆಹಚ್ಚಿ ನೋಡಬಹುದು. ಒಂದು ದಿನದ ಮಳೆಗೆ ಆ ಅವಕಾಶವಿಲ್ಲ. ಬಿದ್ದ ಮಳೆ ಹರಿದು ಹೋಯಿತು, ಅದನ್ನು ಮತ್ತೆ ಅಳೆಯಲು ಬಾರದು. ಉಳಿಯುವುದು ಬರೆದಿಟ್ಟದ್ದು ಮಾತ್ರ. ಆದ್ದರಿಂದ ಕಲ್ಲಿನ ಪ್ರತಿಗಿಂತಲೂ ಹೆಚ್ಚಿನ ನಿಷ್ಠೆ ಮಳೆಯ ಪ್ರತಿಗೆ ಸಲ್ಲಬೇಕು.